ಹುಳುಮನೆಯ ಹೊರಗೆ ಆರಿದ ಚುಟ್ಟ

ಹೊಗೆಸೊಪ್ಪಿನ ಮೇಲಿನ ತೆರಿಗೆ ಏರಿದಾಗಲೆಲ್ಲ ಸೇದುವವರು ಸಿಟ್ಟಾಗುತ್ತಾರೆ. ಆ ಸಿಟ್ಟಿನೊಳಗೆ ಒಂದು ನ್ಯಾಯವಾದ ಪ್ರಶ್ನೆಯೂ ಇದೆ: ನಾವು ಕೊಟ್ಟ ದುಡ್ಡು ಯಾವ ಮಗುವಿಗೆ ಮುಟ್ಟಿತು?

ಮಂಡಿಕಲ್ಲಿನ ನಮ್ಮ ಮನೆಯಲ್ಲಿ ತಾತ ಒಂದು ನಿಯಮ ಇಟ್ಟುಕೊಂಡಿದ್ದರು. ಹುಳುಮನೆಗೆ ಕಾಲಿಡುವ ಮುನ್ನ ಬಾಯಲ್ಲಿನ ಚುಟ್ಟವನ್ನು ಹೊರಗಿನ ಚಪ್ಪಡಿ ಕಲ್ಲಿಗೆ ಒತ್ತಿ ಆರಿಸುತ್ತಿದ್ದರು. ಸೋಪು ಹಚ್ಚಿ ಕೈ ತೊಳೆದು, ಬಾಯಿ ಮುಕ್ಕಳಿಸಿ, ಆಮೇಲೆಯೇ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರದ ಕಡೆ ಹುಳು ಸಾಕಿದ ಯಾರನ್ನು ಕೇಳಿದರೂ ಕಾರಣ ಹೇಳುತ್ತಾರೆ. ರೇಷ್ಮೆ ಹುಳುವಿಗೆ ಹೊಗೆಸೊಪ್ಪು ವಿಷ. ಅದರ ಸೋಂಕು ತಾಗಿದ ಹುಳು ಸೊಪ್ಪು ಬಿಟ್ಟು, ತಲೆ ಮೇಲೆತ್ತಿ, ವಾಂತಿ ಮಾಡಿಕೊಂಡು ಸಾಯುತ್ತದೆ. ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದು ಇನ್ನೇನು ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು ಎನ್ನುವಾಗ ಹೀಗಾದರೆ ತಿಂಗಳ ದುಡಿಮೆ ತಿಪ್ಪೆಗೆ.

ಹುಳುಮನೆಯಿಂದ ಹೊರಬಂದ ತಾತ ಜಗಲಿಯ ಮೇಲೆ ಕೂತು ಅದೇ ಚುಟ್ಟವನ್ನು ಮತ್ತೆ ಹಚ್ಚುತ್ತಿದ್ದರು. ತೊಡೆಯ ಮೇಲೆ ನನ್ನ ತಂಗಿ ಇರುತ್ತಿದ್ದಳು. ಚಳಿಗಾಲ ಬಂತೆಂದರೆ ಅವಳಿಗೆ ಉಬ್ಬಸ. ಇದಕ್ಕೂ ಅದಕ್ಕೂ ಸಂಬಂಧವಿರಬಹುದೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಬಜೆಟ್ಟಿನ ದಿನ ರೇಡಿಯೊದಲ್ಲಿ ‘ಬೀಡಿ, ಸಿಗರೇಟು ತುಟ್ಟಿ’ ಎಂದ ಕೂಡಲೇ ತಾತನಿಗೆ ರೇಗುತ್ತಿತ್ತು. “ಬಡವನ ಬಾಯಿಗೇ ಸುಂಕ ಹಾಕ್ತಾರಲ್ಲ ಮಗಾ. ಹಾಕ್ಲಿ, ಆ ದುಡ್ಡು ಎಲ್ಲಿಗೋಗ್ತೈತೆ? ಅದನ್ನಾದ್ರೂ ಹೇಳ್ಬೇಕಲ್ವಾ?” ಆಗ ನನ್ನ ಬಳಿ ಉತ್ತರವಿರಲಿಲ್ಲ. ದೊಡ್ಡವನಾದ ಮೇಲೆ ಹುಡುಕುತ್ತ ಹೋದಾಗ ಉತ್ತರ ಮೈಸೂರಿನ ಆಸ್ಪತ್ರೆಯೊಂದರಿಂದ ಅಮೆರಿಕದ ಸಂಸತ್ತಿನವರೆಗೆ ಚದುರಿಕೊಂಡಿತ್ತು.

ಒಂದೇ ಸಾಲಿನ ನೆಂಟರು

ಚುಟ್ಟ ನಮ್ಮ ಸೀಮೆಗೆ ತೆಲುಗಿನ ಜೊತೆಯಲ್ಲೇ ಬಂದದ್ದು. ಗೌರಿಬಿದನೂರು ದಾಟಿದರೆ ಹಿಂದೂಪುರ, ಬಾಗೇಪಲ್ಲಿ ದಾಟಿದರೆ ಅನಂತಪುರದ ಸೀಮೆ. ಎರಡು ಭಾಷೆಯಲ್ಲಿ ಜಗಳವಾಡಿ ಎರಡರಲ್ಲೂ ರಾಜಿಯಾಗುವ ಊರುಗಳಿವು. ತಮಿಳರ ಸುರುಟ್ಟು ಇಂಗ್ಲಿಷರ ಬಾಯಲ್ಲಿ ‘ಶೆರೂಟ್’ ಆಯಿತು. ಇಂದಿಗೂ ಸರ್ಕಾರದ ಸುಂಕದ ಪಟ್ಟಿಯಲ್ಲಿ ಸಿಗಾರ್ ಮತ್ತು ಶೆರೂಟ್ ಒಂದೇ ಸಾಲಿನಲ್ಲಿವೆ. ಹವಾನಾದಿಂದ ಬರುವ ಸಿಗಾರೂ ನಮ್ಮ ಚುಟ್ಟವೂ ಕಾನೂನಿನ ಕಣ್ಣಲ್ಲಿ ನೆಂಟರು.

2017ರಲ್ಲಿ ಜಿಎಸ್‌ಟಿ ಬಂದಾಗ ಈ ಸಾಲಿಗೆ ಶೇ 28ರ ತೆರಿಗೆ ಬಿತ್ತು. ಅದರ ಮೇಲೆ ಪರಿಹಾರ ಸೆಸ್ ಬೇರೆ: ಬೆಲೆಯ ಶೇ 21 ಅಥವಾ ಸಾವಿರಕ್ಕೆ 4,170 ರೂಪಾಯಿ, ಎರಡರಲ್ಲಿ ಯಾವುದು ಹೆಚ್ಚೋ ಅದು. ಅಂದರೆ ಒಂದು ಚುಟ್ಟಕ್ಕೆ ಸೆಸ್ ಒಂದೇ ಕನಿಷ್ಠ 4 ರೂಪಾಯಿ 17 ಪೈಸೆ. ಸಾವಿರ ರೂಪಾಯಿಯ ಸಿಗಾರಿಗೆ ಈ ಸೆಸ್ ಬೆಲೆಯ ಐದನೇ ಒಂದು ಭಾಗದಷ್ಟಿತ್ತು. ನಾಲ್ಕು ರೂಪಾಯಿಯ ಚುಟ್ಟ ಲೆಕ್ಕದೊಳಗೆ ಬಂದರೆ ಅದರ ಬೆಲೆಗಿಂತ ಸೆಸ್ಸೇ ಹೆಚ್ಚಾಗುತ್ತಿತ್ತು. ‘ಬಡವನ ಬಾಯಿಗೇ ಸುಂಕ’ ಎಂಬ ತಾತನ ಮಾತು ಬರೀ ಗೊಣಗಾಟವಲ್ಲ.

ಹನ್ನೆರಡೂವರೆ ಪೈಸೆಯ ನಂಟು

ಸೇದುವವನ ದುಡ್ಡು ಒಂದು ಮಗುವಿನ ಕೈಗೆ ನೇರವಾಗಿ ಸೇರುವ ದಾರಿಯೊಂದು ನಮ್ಮ ದೇಶದಲ್ಲಿ ನಿಜವಾಗಿ ಇತ್ತು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಹತ್ತು ವರ್ಷದ ಮೇಲೆ, 1976ರಲ್ಲಿ, ಎರಡು ಜೋಡಿ ಕಾಯ್ದೆಗಳಾದವು. ಒಂದು ಬೀಡಿಯ ಮೇಲೆ ಸೆಸ್ ಎತ್ತಲು, ಇನ್ನೊಂದು ಆ ಹಣದಿಂದ ಬೀಡಿ ಕಟ್ಟುವವರಿಗಾಗಿ ಕಲ್ಯಾಣ ನಿಧಿ ನಡೆಸಲು. ಸೆಸ್ ಕೊನೆಗೆ ಬಂದು ನಿಂತದ್ದು ಸಾವಿರ ಬೀಡಿಗೆ 5 ರೂಪಾಯಿಗೆ. 25 ಬೀಡಿಯ ಒಂದು ಕಟ್ಟಿಗೆ ಹನ್ನೆರಡೂವರೆ ಪೈಸೆ. ದಿನಕ್ಕೊಂದು ಕಟ್ಟು ಸೇದುವವನು ವರ್ಷಕ್ಕೆ ಕೊಟ್ಟದ್ದು ಸುಮಾರು 45 ರೂಪಾಯಿ.

ಈ ಪುಡಿಗಾಸು ಸೇರಿ ಏನಾಯಿತು ನೋಡಿ. ದೇಶದಲ್ಲಿ ಬೀಡಿ ಕಾರ್ಮಿಕರು ಸುಮಾರು 50 ಲಕ್ಷ, ಅವರಲ್ಲಿ ಬಹುಪಾಲು ಹೆಂಗಸರು. ಕರ್ನಾಟಕದಲ್ಲಿ ದಕ್ಷಿಣ ಕನ್ನಡದ ಮನೆ ಮನೆಯಲ್ಲೂ ಒಂದು ಕಾಲದಲ್ಲಿ ಬೀಡಿ ಎಲೆ ಕತ್ತರಿಸುವ ಕತ್ತರಿಯ ಸದ್ದಿತ್ತು. ಅಡುಗೆ ಮುಗಿಸಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಎಲೆಗೆ ಹೊಗೆಸೊಪ್ಪಿನ ಪುಡಿ ತುಂಬಿ, ಸುತ್ತಿ, ನೂಲು ಬಿಗಿದು ಸಂಜೆಗೆ ಬೀಡಿ ಕಂಪನಿಯ ಬ್ರಾಂಚಿಗೆ ಒಪ್ಪಿಸುವ ತಾಯಂದಿರು ಅವರು. ಅವರ ಗುರುತಿನ ಚೀಟಿಯೇ ಕಲ್ಯಾಣ ನಿಧಿಯ ಬೀಗದ ಕೈ. ಮಗ ಒಂದನೇ ತರಗತಿಯಲ್ಲಿದ್ದರೂ ವಿದ್ಯಾರ್ಥಿವೇತನ, ಮಗಳು ಎಂಜಿನಿಯರಿಂಗ್ ಓದಿದರೂ ವಿದ್ಯಾರ್ಥಿವೇತನ. ಮನೆ ಕಟ್ಟಿಕೊಳ್ಳಲು ನೆರವು. ಕ್ಷಯಕ್ಕೆ, ಕ್ಯಾನ್ಸರಿಗೆ, ಹೃದ್ರೋಗಕ್ಕೆ ಚಿಕಿತ್ಸೆಯ ಖರ್ಚು. ಕಣ್ಣು ಮಸುಕಾದರೆ ಕನ್ನಡಕಕ್ಕೂ ಒಂದಷ್ಟು. ಊರೂರಲ್ಲಿ ಔಷಧಾಲಯಗಳು, ಮೈಸೂರಿನಲ್ಲಿ ಬೀಡಿ ಕಾರ್ಮಿಕರಿಗೆಂದೇ ಒಂದು ಆಸ್ಪತ್ರೆ.

ಇದರಲ್ಲಿ ಕುಂದು ಇರಲಿಲ್ಲವೆಂದಲ್ಲ. ಗುರುತಿನ ಚೀಟಿ ಇಲ್ಲದೆ ಮನೆಯ ಮೂಲೆಯಲ್ಲೇ ಕಟ್ಟಿ ಸವೆದವರು ಬಹಳ. ಆದರೆ ಆ ವ್ಯವಸ್ಥೆಯ ನ್ಯಾಯ ಅಕ್ಷರ ಬಾರದವರಿಗೂ ಅರ್ಥವಾಗುವಂತಿತ್ತು. ಬೀಡಿ ಕಟ್ಟುವ ತಾಯಿಯ ಎದೆಗೆ ಹೊಗೆಸೊಪ್ಪಿನ ಧೂಳು ಹೋಗುತ್ತದೆ, ಅವಳ ಮಗುವಿನ ಪುಸ್ತಕಕ್ಕೆ ಆ ಬೀಡಿ ಸೇದಿದವನೇ ಹನ್ನೆರಡೂವರೆ ಪೈಸೆ ಕೊಡುತ್ತಾನೆ. ಮಂಡಿಕಲ್ಲಿನ ಪೆಟ್ಟಿಗೆ ಅಂಗಡಿಯಲ್ಲಿ ಒಂದು ಕಟ್ಟು ಕೊಂಡವನಿಗೂ ಉಳ್ಳಾಲದ ಒಬ್ಬ ಹುಡುಗಿಯ ಶಾಲೆಗೂ ಗೊತ್ತಿಲ್ಲದೆ ಒಂದು ನೂಲು ಹೊಸೆದುಕೊಂಡಿತ್ತು.

2017ರಲ್ಲಿ ಕಡಿದ ನೂಲು

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂತು. ಹತ್ತಾರು ಚಿಕ್ಕಪುಟ್ಟ ಸೆಸ್‌ಗಳನ್ನು ಕೈಬಿಡುವುದು ಆ ಸುಧಾರಣೆಯ ಭಾಗವಾಗಿತ್ತು. ಬೀಡಿ ಕಾರ್ಮಿಕರ ಕಲ್ಯಾಣ ಸೆಸ್ ಕೂಡ ಅವುಗಳ ಜೊತೆ ಹೋಯಿತು. ಅದೇ ದಿನ ಬೀಡಿ ಶೇ 28ರ ಪಟ್ಟಿಗೆ ಸೇರಿತು. ಸೇದುವವನ ಕೈಯಿಂದ ತೆರಿಗೆ ಹೋಗುತ್ತಲೇ ಇತ್ತು. ‘ಇದು ಅವರ ಮಕ್ಕಳಿಗೆ’ ಎಂದು ಕಾನೂನೇ ಬರೆದಿಟ್ಟಿದ್ದ ಪಾಲು ಮಾತ್ರ ಇಲ್ಲವಾಯಿತು.

ಯೋಜನೆಗಳು ನಿಂತಿಲ್ಲ, ಬಜೆಟ್ಟಿನಿಂದ ಹಣ ಕೊಡುತ್ತೇವೆ ಎಂದು ಕೇಂದ್ರದ ಕಾರ್ಮಿಕ ಸಚಿವಾಲಯ ಹೇಳುತ್ತ ಬಂದಿದೆ. ವಿದ್ಯಾರ್ಥಿವೇತನ ಇಂದಿಗೂ ಇದೆ, ತರಗತಿಗೆ ತಕ್ಕಂತೆ ವರ್ಷಕ್ಕೆ 1,000ದಿಂದ 25,000 ರೂಪಾಯಿವರೆಗೆ. ಆದರೂ ಹಕ್ಕಿನ ನಿಧಿಗೂ ಬಜೆಟ್ಟಿನ ಕೃಪೆಗೂ ಬಹಳ ವ್ಯತ್ಯಾಸ. ಮನೆಯಲ್ಲಿ ಮಗಳ ಓದಿಗೆಂದು ಬೇರೆ ಡಬ್ಬಿಯಲ್ಲಿ ಹಾಕಿಟ್ಟ ದುಡ್ಡೇ ಬೇರೆ, ‘ಬೇಕಾದಾಗ ಕೊಡೋಣ’ ಎಂದು ಎಲ್ಲ ಖರ್ಚಿನ ಜೊತೆ ಬೆರೆಸಿದ ದುಡ್ಡೇ ಬೇರೆ. ಬರಗಾಲ ಬಂದಾಗ ಯಾವುದು ಮೊದಲು ಕರಗುತ್ತದೆಂದು ನಮ್ಮ ಒಣಸೀಮೆಯ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ.

ಸಿಗರೇಟು, ಸಿಗಾರ್, ಜರ್ದಾಗಳ ಮೇಲೆ ಎತ್ತಿದ ಪರಿಹಾರ ಸೆಸ್ ಎಲ್ಲಿಗೆ ಹೋಯಿತು? ಹೆಸರೇ ಹೇಳುವಂತೆ ಅದು ಜಿಎಸ್‌ಟಿಯಿಂದ ರಾಜ್ಯಗಳಿಗಾದ ವರಮಾನದ ನಷ್ಟ ತುಂಬಲು. ಐದು ವರ್ಷಕ್ಕೆಂದು ಹೊರಟ ಈ ಸೆಸ್ ಕೋವಿಡ್ ಕಾಲದಲ್ಲಿ ದಿಕ್ಕು ಬದಲಿಸಿತು. ರಾಜ್ಯಗಳಿಗೆ ಕೊಡಲು ಕೇಂದ್ರ ಎರಡು ವರ್ಷದಲ್ಲಿ 2.69 ಲಕ್ಷ ಕೋಟಿ ರೂಪಾಯಿ ಸಾಲ ತಂದಿತು. ಆ ಸಾಲ ಮತ್ತು ಬಡ್ಡಿ ತೀರಿಸಲು ಸೆಸ್ ಮುಂದುವರಿಯಿತು. ಸಾಲ ತೀರಿಸಿದ್ದು ತಪ್ಪಲ್ಲ, ಆ ಹಣದಿಂದ ರಾಜ್ಯಗಳ ಸಂಬಳ, ಆಸ್ಪತ್ರೆ, ರಸ್ತೆ ನಡೆದಿವೆ. ಆದರೆ ಪೊಟ್ಟಣದ ಶೇ 85ರಷ್ಟು ಜಾಗದಲ್ಲಿ ರೋಗದ ಚಿತ್ರ ಅಚ್ಚುಹಾಕಿಸಿ, ಪೊಟ್ಟಣದಿಂದ ಬಂದ ಸೆಸ್ಸನ್ನು ಸಾಲದ ಕಂತಿಗೆ ಕಟ್ಟಿದಾಗ, ಸೇದುವವನು ‘ನನ್ನ ಆರೋಗ್ಯದ ಹೆಸರು ಹೇಳಿ ಯಾಕೆ ವಸೂಲಿ ಮಾಡಿದಿರಿ’ ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ.

ಅಮೆರಿಕದ ಸಿಗಾರಿಗರ ಸಿಟ್ಟು

ತೆರಿಗೆ ಎಲ್ಲಿಗೆ ಹೋಗುತ್ತದೆಂದು ನೇರವಾಗಿ ಹೇಳಿದ ದೇಶಗಳಲ್ಲಿ ಸಿಟ್ಟು ಇರಲಿಲ್ಲವೇ? ಇತ್ತು. ಅಮೆರಿಕದಲ್ಲಿ ಕಡಿಮೆ ಆದಾಯದ ಮನೆಗಳ ಮಕ್ಕಳಿಗೆ ಆರೋಗ್ಯ ವಿಮೆ ಕೊಡುವ ಯೋಜನೆ 1997ರಲ್ಲಿ ಶುರುವಾಯಿತು. ಅದನ್ನು ವಿಸ್ತರಿಸಲು ಹೊಗೆಸೊಪ್ಪಿನ ತೆರಿಗೆ ಏರಿಸುವ ಮಸೂದೆಯನ್ನು ಅಲ್ಲಿನ ಸಂಸತ್ತು 2007ರಲ್ಲಿ ಒಪ್ಪಿತು. ಅಧ್ಯಕ್ಷ ಜಾರ್ಜ್ ಬುಷ್ ಅದನ್ನು ಎರಡು ಸಲ ತಿರಸ್ಕರಿಸಿದರು. 2009ರ ಫೆಬ್ರುವರಿ 4ರಂದು ಬರಾಕ್ ಒಬಾಮ ಸಹಿ ಹಾಕಿದರು. ಸಿಗರೇಟಿನ ಪೊಟ್ಟಣಕ್ಕೆ 39 ಸೆಂಟ್ ಇದ್ದ ಕೇಂದ್ರ ತೆರಿಗೆ 1 ಡಾಲರ್ 1 ಸೆಂಟಿಗೆ ಏರಿತು. ದೊಡ್ಡ ಸಿಗಾರಿನ ಮೇಲೆ ಐದು ಸೆಂಟಿಗೂ ಕಡಿಮೆ ಇದ್ದ ತೆರಿಗೆಯ ಗರಿಷ್ಠ ಮಿತಿ 40 ಸೆಂಟಿಗೆ ಬಂತು. 2007ರಲ್ಲಿ ಒಂದು ಹಂತದಲ್ಲಿ ಸಿಗಾರ್ ಒಂದಕ್ಕೆ 10 ಡಾಲರ್‌ವರೆಗೂ ಹಾಕುವ ಪ್ರಸ್ತಾಪವಿತ್ತು. ಸಿಗಾರ್ ಸೇದುವವರೂ ಸುತ್ತುವವರೂ ಮಾರುವವರೂ ಒಟ್ಟಾಗಿ ಎದ್ದದ್ದು ಆಗಲೇ.

ಅವರ ವಾದ ಹೀಗಿತ್ತು. ಮಕ್ಕಳಿಗೆ ವಿಮೆ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಮಕ್ಕಳು ಎಲ್ಲರಿಗೂ ಸೇರಿದವರಾದರೆ ಅವರ ಖರ್ಚು ನಮ್ಮಂಥ ಕೆಲವರ ತಲೆಗೆ ಯಾಕೆ? ಸೇದುವವರು ವರ್ಷ ವರ್ಷ ಕಡಿಮೆಯಾದರೆ ವಿಮೆಗೆ ಹಣ ಎಲ್ಲಿಂದ ತರುತ್ತೀರಿ?

ತೆರಿಗೆ ಬಂದ ಮೇಲೆ ನಡೆದದ್ದರಲ್ಲೂ ಪಾಠವಿದೆ. ಕೈಯಲ್ಲಿ ಸುತ್ತಿಕೊಳ್ಳುವ ಸಿಗರೇಟಿನ ತಂಬಾಕಿಗೆ ಭಾರೀ ತೆರಿಗೆ ಬಿತ್ತು, ಪೈಪ್ ತಂಬಾಕಿಗೆ ಕಡಿಮೆ ಬಿತ್ತು. ನೋಡುನೋಡುತ್ತಿದ್ದಂತೆ ಅದೇ ತಂಬಾಕು ‘ಪೈಪ್ ತಂಬಾಕು’ ಎಂಬ ಚೀಟಿ ಅಂಟಿಸಿಕೊಂಡಿತು. ಸಣ್ಣ ಸಿಗಾರ್ ಮಾಡುವವರು ತೂಕ ಒಂದಿಷ್ಟು ಹೆಚ್ಚಿಸಿ ‘ದೊಡ್ಡ ಸಿಗಾರ್’ ವರ್ಗಕ್ಕೆ ಜಾರಿಕೊಂಡರು. ನಮ್ಮಲ್ಲಿ ಸಿಗರೇಟಿಗೆ ಉದ್ದ ಅಳೆದು ಸುಂಕ ಹಾಕಿದ್ದರಿಂದ ಗೆರೆಯ ಒಳಗೇ ನಿಲ್ಲುವ ಗಿಡ್ಡ ಸಿಗರೇಟುಗಳು ಅಂಗಡಿಗೆ ಬಂದದ್ದೂ ಇದೇ ಜಾಣತನ. ತೆರಿಗೆಯಲ್ಲಿ ಸಂದು ಬಿಟ್ಟರೆ ಹೊಗೆ ಆ ಸಂದಿನಲ್ಲೇ ನುಸುಳುತ್ತದೆ.

ಹಾಗೆಂದು ಆ ತೆರಿಗೆ ಸೋಲಲಿಲ್ಲ. ಲಕ್ಷಾಂತರ ಮಕ್ಕಳಿಗೆ ವಿಮೆ ಸಿಕ್ಕಿತು, ಬೆಲೆ ಏರಿದ್ದರಿಂದ ಶಾಲೆಯ ಹುಡುಗ ಹುಡುಗಿಯರಲ್ಲಿ ಸೇದುವವರೂ ಕಡಿಮೆಯಾದರು. ಫಿಲಿಪ್ಪೀನ್ಸ್ 2012ರಲ್ಲಿ ಮದ್ಯ ಮತ್ತು ಹೊಗೆಸೊಪ್ಪಿನ ಸುಂಕ ಏರಿಸಿ, ಹೆಚ್ಚುವರಿ ಹಣದ ಬಹುಪಾಲನ್ನು ಜನರ ಆರೋಗ್ಯಕ್ಕೆ ಕಾನೂನಿನಲ್ಲೇ ಕಟ್ಟಿತು. ಥಾಯ್ಲೆಂಡ್ 2001ರಿಂದ ಇವೆರಡರ ಮೇಲಿನ ಸುಂಕದ ಜೊತೆ ಶೇ 2ರಷ್ಟು ಹೆಚ್ಚಿಗೆ ಎತ್ತಿ ಆರೋಗ್ಯ ಪ್ರಚಾರಕ್ಕೆಂದೇ ಒಂದು ನಿಧಿ ನಡೆಸುತ್ತಿದೆ.

ಸಿಟ್ಟಿನಲ್ಲಿ ಎಷ್ಟು ನಿಜ

ತೆರಿಗೆ ಹೆಚ್ಚು ಎಂಬ ದೂರು ನನ್ನನ್ನು ಒಪ್ಪಿಸುವುದಿಲ್ಲ. 2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಒಂದಲ್ಲ ಒಂದು ರೂಪದಲ್ಲಿ ಹೊಗೆಸೊಪ್ಪು ಬಳಸುತ್ತಿದ್ದರು. ಇವರಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚು. ಮಾರುವ ಬೆಲೆಯಲ್ಲಿ ಕನಿಷ್ಠ ಶೇ 75ರಷ್ಟು ತೆರಿಗೆ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಜಿಎಸ್‌ಟಿ ಕಾಲದಲ್ಲಿ ನಮ್ಮ ಸಿಗರೇಟಿನ ಮೇಲೆ ಅದು ಅರ್ಧದ ಆಸುಪಾಸು, ಬೀಡಿಯ ಮೇಲೆ ಕಾಲು ಭಾಗಕ್ಕೂ ಕಡಿಮೆ ಇತ್ತು. ಮೊದಲ ಸಲ ಅಂಗಡಿಯ ಮುಂದೆ ನಿಂತ ಹದಿನಾರರ ಹುಡುಗನ ಕೈಯನ್ನು ಹಿಂದಕ್ಕೆ ಎಳೆಯುವುದು ಉಪದೇಶಕ್ಕಿಂತ ಬೆಲೆ. ಕರ್ನಾಟಕ ಸರ್ಕಾರ ಬಿಡಿ ಸಿಗರೇಟು ಮಾರುವುದನ್ನು ನಿಷೇಧಿಸಿ, ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದ್ದೂ ಇದೇ ಹುಡುಗನಿಗಾಗಿ. ಆ ತಿದ್ದುಪಡಿಗೆ 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿದೆ.

ಬಡವನಿಗೆ ಹೊರೆ ಎಂಬ ಮಾತಿನಲ್ಲಿ ಅರ್ಧ ನಿಜವಿದೆ. ತೆರಿಗೆ ಬಡವನ ಜೇಬನ್ನು ಹೆಚ್ಚು ಹಿಂಡುತ್ತದೆ. ರೋಗವೂ ಅವನನ್ನೇ ಹೆಚ್ಚು ಹಿಂಡುತ್ತದೆ, ಗಂಟಲಿನ ಕ್ಯಾನ್ಸರಿಗೆಂದು ಎರಡು ಎಕರೆ ಮಾರಿದ ಮನೆ ನಮ್ಮ ಕಡೆ ಅಪರೂಪವಲ್ಲ. ಬಡವನ ಮೇಲೆ ಕನಿಕರವಿದ್ದರೆ ಅದನ್ನು ಬೀಡಿ ಅಗ್ಗ ಮಾಡಿ ತೋರಿಸಬಾರದು. ಬಿಡಲು ನೆರವು ಕೊಟ್ಟು, ಅವನ ಮಕ್ಕಳಿಗೆ ಚಿಕಿತ್ಸೆ ಕೊಟ್ಟು ತೋರಿಸಬೇಕು. ಬಿಡಬೇಕೆನ್ನುವವರಿಗೆ 1800-11-2356 ಎಂಬ ಉಚಿತ ಸಹಾಯವಾಣಿ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದರ ಕೇಂದ್ರವೂ ಇದೆ. ಎಷ್ಟು ಪೆಟ್ಟಿಗೆ ಅಂಗಡಿಯವರು, ಎಷ್ಟು ಆಶಾ ಕಾರ್ಯಕರ್ತೆಯರು ಆ ಸಂಖ್ಯೆಯನ್ನು ಬಾಯಿಪಾಠ ಹೇಳಬಲ್ಲರು?

ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಮಾತ್ರ ಪೂರ್ತಿ ನ್ಯಾಯದ್ದು. ಚಟ ಹತ್ತಿದವನು ಬೇಡವೆಂದರೂ ಕೊಳ್ಳುತ್ತಾನೆ, ಬೇಡವೆಂದರೂ ತೆರಿಗೆ ಕೊಡುತ್ತಾನೆ. ಅಂಥವನಿಂದ ಪಡೆದ ಹಣಕ್ಕೆ ಉಳಿದ ಹಣಕ್ಕಿಂತ ಒಂದು ಕೈ ಹೆಚ್ಚಿನ ಲೆಕ್ಕ ಕೊಡಬೇಕು.

ಈಗ ಏನು ಕೇಳಬೇಕು

2026ರ ಫೆಬ್ರುವರಿ 1ರಿಂದ ಲೆಕ್ಕ ಮತ್ತೆ ಬದಲಾಗಿದೆ. ಹೊಗೆಸೊಪ್ಪಿನ ಮೇಲಿನ ಪರಿಹಾರ ಸೆಸ್ ಮುಗಿದಿದೆ. ಸಿಗರೇಟು, ಸಿಗಾರ್‌ಗಳ ಮೇಲೆ ಶೇ 40ರ ಜಿಎಸ್‌ಟಿ, ಅದರ ಮೇಲೆ ಕೇಂದ್ರದ ಅಬಕಾರಿ ಸುಂಕ. ಪಾನ್ ಮಸಾಲದ ಮೇಲೆ ಆರೋಗ್ಯ ಮತ್ತು ರಾಷ್ಟ್ರೀಯ ಭದ್ರತೆಯ ಹೆಸರಿನ ಹೊಸ ಸೆಸ್. ಬೀಡಿಗೆ ಮಾತ್ರ ಶೇ 28 ಇದ್ದದ್ದು ಶೇ 18ಕ್ಕೆ ಇಳಿದಿದೆ. ಬೀಡಿ ಕಟ್ಟುವವರ ಹೊಟ್ಟೆಪಾಡನ್ನು ಇದಕ್ಕೆ ಕಾರಣವಾಗಿ ಹೇಳುವುದುಂಟು. ಆದರೆ ಇಳಿದ ಆ ಹತ್ತರಲ್ಲಿ ಒಂದನ್ನಾದರೂ ಅವರ ಮಕ್ಕಳ ಹೆಸರಿನಲ್ಲಿ ಉಳಿಸಿಕೊಂಡಿದ್ದರೆ 1976ರ ಆ ನೂಲು ಮತ್ತೆ ಗಂಟು ಬೀಳುತ್ತಿತ್ತು.

ಈ ಬದಲಾವಣೆಯಲ್ಲಿ ಕರ್ನಾಟಕದ ಪಾಲಿಗೆ ಒಂದು ಹೊಸ ಹೊಣೆ ಬಂದಿದೆ. ಸಂವಿಧಾನದ 270ನೇ ವಿಧಿಯಂತೆ ಸೆಸ್ ಕೇಂದ್ರ ಮತ್ತು ರಾಜ್ಯಗಳ ಹಂಚಿಕೆಯ ಬುಟ್ಟಿಗೆ ಬೀಳುವುದಿಲ್ಲ. ಜಿಎಸ್‌ಟಿಯಲ್ಲಿ ಅರ್ಧ ರಾಜ್ಯದ್ದೇ, ಅಬಕಾರಿ ಸುಂಕ ಹಂಚಿಕೆಯ ಬುಟ್ಟಿಗೆ ಬೀಳುತ್ತದೆ. ಅಂದರೆ ಮಂಡಿಕಲ್ಲಿನಲ್ಲಿ ಮಾರಿದ ಪ್ರತಿ ಪೊಟ್ಟಣದಿಂದ ಬೆಂಗಳೂರಿನ ಖಜಾನೆಗೂ ಪಾಲು ಹೋಗುತ್ತದೆ. ಇನ್ನು ದೆಹಲಿಯ ಕಡೆ ಬೆರಳು ತೋರಿಸಿ ಕೂರುವಂತಿಲ್ಲ.

ಆ ಪಾಲಿನಲ್ಲಿ ಒಂದು ತುಣುಕನ್ನು ಮಕ್ಕಳ ಹೆಸರಿಗೆ ಬರೆಯಿರಿ ಎಂಬುದು ನನ್ನ ಕೋರಿಕೆ. ಹೊಸ ಇಲಾಖೆ ಬೇಕಿಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಹೋಗಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತಿವೆ. ಹೃದಯದ ತೂತು, ಸೀಳುತುಟಿ, ಕಿವುಡು, ಉಬ್ಬಸದಂಥ ತೊಂದರೆಗಳನ್ನು ಶಾಲೆಯ ಜಗಲಿಯಲ್ಲೇ ಪತ್ತೆಹಚ್ಚುವುದು ಅವರ ಕೆಲಸ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಈ ಎರಡರ ನಡುವೆ ಉಳಿಯುವ ಕಂದಕ ತುಂಬುವುದಕ್ಕೆ ಹೊಗೆಸೊಪ್ಪಿನ ಹಣ ಸಾಲುತ್ತದೆ. ಮಗುವನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ಯಲು ಬಸ್ ಚಾರ್ಜು, ಜೊತೆಗಿರುವ ತಾಯಿ ಕಳೆದುಕೊಂಡ ಕೂಲಿ, ತಿಂಗಳು ತಿಂಗಳ ಇನ್‌ಹೇಲರ್.

ಸೇದುವವರು ಕಡಿಮೆಯಾದರೆ ಹಣ ಎಲ್ಲಿಂದ ಎಂದು ಅಮೆರಿಕದ ಸಿಗಾರಿಗರು ಎತ್ತಿದ ಕೊನೆಯ ಪ್ರಶ್ನೆಯನ್ನು ಇಲ್ಲಿ ಮರೆಯಬಾರದು. ಮಗುವಿನ ಆರೋಗ್ಯದ ಮೂಲ ಖರ್ಚು ಎಲ್ಲರ ತೆರಿಗೆಯಿಂದಲೇ ನಡೆಯಬೇಕು. ಹೊಗೆಸೊಪ್ಪಿನ ದುಡ್ಡು ಅದರ ಮೇಲಿನ ಕೂಡಿಕೆ ಆಗಿರಬೇಕು, ವರ್ಷದಿಂದ ವರ್ಷಕ್ಕೆ ಕುಗ್ಗಲಿ ಎಂದು ಹಾರೈಸಿಕೊಂಡೇ ಬಳಸಬೇಕಾದ ಹಣ ಅದು. ಹಾಗೆ ಬಂದ ಪ್ರತಿ ರೂಪಾಯಿ ಎಲ್ಲಿ ಖರ್ಚಾಯಿತೆಂಬುದನ್ನು ತಾಲ್ಲೂಕುವಾರು ಪಂಚಾಯಿತಿಯ ಗೋಡೆಯ ಮೇಲೆ ಬರೆಸಬೇಕು. ನರೇಗಾದ ಕೂಲಿ ಲೆಕ್ಕವನ್ನು ಗೋಡೆಯ ಮೇಲೆ ಓದಿ ಅಭ್ಯಾಸವಿರುವ ಜನ ನಾವು, ಇದನ್ನೂ ಓದುತ್ತೇವೆ.

ತಾತ ಈಗಿಲ್ಲ. ತಂಗಿಗೆ ಮದುವೆಯಾಗಿ ಚಿಂತಾಮಣಿಯಲ್ಲಿದ್ದಾಳೆ, ಚಳಿಗಾಲಕ್ಕೆ ಇನ್‌ಹೇಲರ್ ಇಟ್ಟುಕೊಳ್ಳುತ್ತಾಳೆ. ಹುಳುಮನೆಯ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ತಾತ ಚುಟ್ಟ ಒತ್ತಿದ ಕಡೆ ಕಪ್ಪು ಕಲೆ ಇನ್ನೂ ಇದೆ. ಹುಳುವಿಗೆ ಆಗದ್ದು ಮಗುವಿಗೂ ಆಗದು ಎಂದು ಯಾರಾದರೂ ಒಮ್ಮೆ ಹೇಳಿದ್ದರೆ ಆ ಮನುಷ್ಯ ಜಗಲಿಗೂ ಅದೇ ನಿಯಮ ಹಾಕಿಕೊಳ್ಳುತ್ತಿದ್ದರು, ನನಗೆ ಅನುಮಾನವಿಲ್ಲ. ಅವರಿಗೆ ಹೇಳುವವರಿರಲಿಲ್ಲ. ಬೆಂಕಿಪೊಟ್ಟಣ ಹಿಡಿದು ಅಂಗಡಿಯ ಮುಂದೆ ನಿಂತ ಇಂದಿನ ತಾತಂದಿರಿಗೆ ಎರಡನ್ನೂ ಹೇಳಬೇಕು: ಈ ಹೊಗೆ ನಿಮ್ಮ ಮೊಮ್ಮಗಳಿಗೆ ಏನು ಮಾಡುತ್ತದೆ, ನೀವು ಕೊಟ್ಟ ದುಡ್ಡು ಅವಳಿಗೆ ಏನು ಮಾಡಿತು. ಮೊದಲನೆಯದನ್ನು ಪೊಟ್ಟಣದ ಮೇಲಿನ ಚಿತ್ರ ಅಷ್ಟಿಷ್ಟು ಹೇಳುತ್ತಿದೆ. ಎರಡನೆಯದನ್ನು ಹೇಳಬೇಕಾದದ್ದು ಸರ್ಕಾರ.